ಎರವಲು ಹೋಗುವ ಮುನ್ನ ಪಾತ್ರೆಯ ಮೇಲಿನ ಹೆಸರು ನೋಡಿಕೊಳ್ಳಿ

ಪ್ರಶ್ನೆ: ನಾನು ಯಾದಗಿರಿಯಲ್ಲಿ ರಾಜ್ಯ ಸರ್ಕಾರದ ಒಂದು ಇಲಾಖೆಯಲ್ಲಿ ಪ್ರಥಮ ದರ್ಜೆ ಸಹಾಯಕಿ. ಸಂವಿಧಾನದ 371ಜೆ ವಿಧಿಯಡಿ ನಮ್ಮ ಕಲ್ಯಾಣ ಕರ್ನಾಟಕದವರಿಗೆ ಇರುವ ಸ್ಥಳೀಯ ವೃಂದದಲ್ಲಿ 2016ರಲ್ಲಿ ಸೇರಿದೆ. ಪತಿ ಕಲಬುರಗಿಯಲ್ಲಿ ಶಿಕ್ಷಕರು, ಮಕ್ಕಳೂ ಅಲ್ಲೇ ಓದುತ್ತಿದ್ದಾರೆ. ನಾನು ದಿನಾ ರೈಲಿನಲ್ಲಿ ಹೋಗಿಬಂದು ಮಾಡುತ್ತೇನೆ. ಈಗ ಕಲಬುರಗಿಯ ಒಂದು ನಿಗಮದವರು ಡೆಪ್ಯುಟೇಶನ್ ಮೇಲೆ ಬನ್ನಿ ಎನ್ನುತ್ತಿದ್ದಾರೆ. ನಮ್ಮ ಕಚೇರಿಯ ಹಿರಿಯರೊಬ್ಬರು, "ಆ ಫೈಲಿನ ಗದ್ದಲ ಯಾಕವ್ವ? ಸಾಹೇಬರ ಕಡೆಯಿಂದ ಒಂದು ಮೆಮೋ ಮಾಡಿಸ್ಕೋ. ಪಗಾರ ಇಲ್ಲೇ ಇರಲಿ, ಕೆಲಸ ಅಲ್ಲಿ ಮಾಡು" ಅಂತಾರೆ. ಯಾವುದು ಸರಿ? ಹೋದರೆ ನನ್ನ ಸೀನಿಯಾರಿಟಿ, ಬಡ್ತಿ, ಪಿಂಚಣಿ ಏನಾಗುತ್ತದೆ? ಅವರು ಯಾವಾಗ ಬೇಕಾದರೂ ವಾಪಸ್ ಕಳಿಸಬಹುದಾ? ಅಲ್ಲೇ ಕಾಯಂ ಆಗಲು ದಾರಿ ಇದೆಯಾ?

ಉತ್ತರ:

ಹೋಗಿ. ಆದರೆ ಮೆಮೋ ಮೇಲೆ ಹೋಗಬೇಡಿ.

ನಿಮ್ಮ ಹಿರಿಯರು ಕೆಟ್ಟದ್ದನ್ನು ಬಯಸಿ ಹೇಳಿದ್ದಲ್ಲ. ನಮ್ಮ ಕಡೆ ಎಷ್ಟೋ ಕಚೇರಿಗಳು ನಡೆಯುವುದೇ ಹಾಗೆ. ನಾನೂ ಸಿಬ್ಬಂದಿ ಶಾಖೆಯಲ್ಲಿ ಕೂತು ಇಂಥ ಮೆಮೋ ಟೈಪ್ ಮಾಡಿದವನೇ. ಆದರೆ ತೊಂದರೆ ಬಂದ ದಿನ ಆ ಮೆಮೋಕ್ಕೆ ಸಹಿ ಹಾಕಿದ ಸಾಹೇಬರು ಬೇರೆ ಜಿಲ್ಲೆಯಲ್ಲಿರುತ್ತಾರೆ. ಉತ್ತರ ಕೊಡುವ ಪಾಳಿ ನಿಮ್ಮದೇ ಆಗುತ್ತದೆ.

ಮದುವೆ ಮನೆಗೆ ಓಣಿಯವರಿಂದ ದೊಡ್ಡ ಪಾತ್ರೆ ಕಡ ತರುತ್ತೇವಲ್ಲ, ಅದರ ಕಂಠದ ಮೇಲೆ ಒಡೆಯರ ಹೆಸರು ಕೊರೆಸಿರುತ್ತಾರೆ. ಹತ್ತು ಮನೆ ತಿರುಗಿದರೂ ಪಾತ್ರೆ ಯಾರದು ಅನ್ನೋ ಜಗಳ ಬರುವುದಿಲ್ಲ. ಸರ್ಕಾರಿ ನೌಕರರ ಎರವಲು ಸೇವೆಯಲ್ಲಿ ಆ ಕೊರೆದ ಹೆಸರಿಗೆ 'ಲೀನ್' ಅಂತಾರೆ. ಕಾಯಂ ಹುದ್ದೆಯ ಮೇಲೆ ನಿಮಗಿರುವ ಹಕ್ಕು ಅದು. ಸರಿಯಾದ ಆದೇಶದ ಮೇಲೆ ನಿಯೋಜನೆ, ಅಂದರೆ ಡೆಪ್ಯುಟೇಶನ್ ಹೋದರೆ ಆ ಹಕ್ಕು ಮಾತೃ ಇಲಾಖೆಯಲ್ಲೇ ಉಳಿಯುತ್ತದೆ. ನೀವು ಕೂರುವುದು ಕಲಬುರಗಿಯಲ್ಲಾದರೂ ನಿಮ್ಮ ಹುದ್ದೆ ಯಾದಗಿರಿಯದೇ. ನಿಮ್ಮ ಸೀನಿಯಾರಿಟಿಯ ಪ್ರಶ್ನೆಗೆ ಅರ್ಧ ಉತ್ತರ ಇದರಲ್ಲೇ ಇದೆ.

ಕಚೇರಿಯಲ್ಲಿ ನಾಲ್ಕೈದು ಬೇರೆ ಬೇರೆ ವ್ಯವಸ್ಥೆಗೆ ಜನ ಒಂದೇ 'ಡೆಪ್ಯುಟೇಶನ್' ಎಂಬ ಹೆಸರು ಹೇಳುತ್ತಾರೆ. ನಿಮ್ಮದು ಇವುಗಳಲ್ಲಿ ಯಾವುದು ಅಂತ ಮೊದಲು ತಿಳಿಯಬೇಕು. ಸರ್ಕಾರದ ಒಂದು ಇಲಾಖೆಯಿಂದ ಇನ್ನೊಂದು ಇಲಾಖೆಗೆ, ಹುದ್ದೆಯ ಹಕ್ಕು ಉಳಿಸಿಕೊಂಡು ಹೋದರೆ ಅದು ನಿಯೋಜನೆ. ನಿಗಮ, ಮಂಡಳಿ, ವಿಶ್ವವಿದ್ಯಾಲಯ, ಹೀಗೆ ಸರ್ಕಾರದ ಸಂಚಿತ ನಿಧಿಯಿಂದಲ್ಲದೆ ಬೇರೆ ನಿಧಿಯಿಂದ ಪಗಾರ ಕೊಡುವ ಕಡೆ ಹೋದರೆ ಕರ್ನಾಟಕ ನಾಗರಿಕ ಸೇವಾ ನಿಯಮಗಳ ಭಾಷೆಯಲ್ಲಿ ಅದು ಅನ್ಯಸೇವೆ. 1958ರಿಂದ ಜಾರಿಯಲ್ಲಿರುವ ಈ ನಿಯಮಗಳನ್ನೇ ನಾವು ಕೆ.ಸಿ.ಎಸ್.ಆರ್. ಅನ್ನುವುದು. ಇನ್ನು ಹುದ್ದೆ ಇಲ್ಲಿ, ಪಗಾರ ಇಲ್ಲಿ, ಕೆಲಸ ಮಾತ್ರ ಅಲ್ಲಿ ಎನ್ನುವುದು ಓ.ಓ.ಡಿ., ಅಂದರೆ ಅನ್ಯ ಕರ್ತವ್ಯ. ಪ್ರಭಾರ ಇದ್ಯಾವುದೂ ಅಲ್ಲ. ಖಾಲಿ ಇರುವ ಹುದ್ದೆಯ ಜವಾಬ್ದಾರಿಯನ್ನು ನಿಮ್ಮ ಹೆಗಲಿಗೆ ಹಾಕುವುದು ಅದು. ನಿಯಮ 32, ನಿಯಮ 68 ಅಂತ ಕಚೇರಿಯಲ್ಲಿ ಮಾತಾಡುವುದು ಈ ಪ್ರಭಾರದ ಬಗ್ಗೆ.

ನಿಮ್ಮನ್ನು ಕರೆಯುತ್ತಿರುವುದು ನಿಗಮ. ಹಾಗಾಗಿ ನಿಮ್ಮದು ಅನ್ಯಸೇವೆ. ರೂಢಿಯ ಮಾತಿನಲ್ಲಿ ಇದನ್ನೂ ನಿಯೋಜನೆ ಅಂತಾರೆ, ಮುಂದೆ ನಾನೂ ಹಾಗೇ ಅಂದಿದ್ದೇನೆ. ನಿಮ್ಮ ಹಿರಿಯರು ಹೇಳುತ್ತಿರುವುದು ಓ.ಓ.ಡಿ. ಅದೂ ಮೇಲಿನವರ ಮಂಜೂರಾತಿ ಇಲ್ಲದ ಓ.ಓ.ಡಿ. ಒಂದು ದಿನ ಲೆಕ್ಕ ತಪಾಸಣೆಯವರು ಬರುತ್ತಾರೆ. ಯಾದಗಿರಿಯ ಹಾಜರಿ ಪುಸ್ತಕ ತೆಗೆಯುತ್ತಾರೆ. "ಈ ಅಮ್ಮ ಎಲ್ಲಿ?" ಅಂತ ಕೇಳುತ್ತಾರೆ. ಕೆಲಸವನ್ನೇ ಮಾಡದ ಕಚೇರಿಯಿಂದ ಪಗಾರ ತೆಗೆದಿದ್ದಕ್ಕೆ ಆಕ್ಷೇಪಣೆ ಬರೆದರೆ, ವಸೂಲಿ ನೋಟಿಸು ಬರುವುದು ನಿಮ್ಮ ಹೆಸರಿಗೆ. ಇನ್ನೊಂದು ಮಾತು ಹೇಳಲು ಮನಸ್ಸಿಗೆ ಕಷ್ಟ, ಆದರೂ ಹೇಳಲೇಬೇಕು. ಅಲ್ಲಿಗೆ ಹೋಗಿಬರುವ ದಾರಿಯಲ್ಲಿ ಏನಾದರೂ ಅಪಘಾತವಾದರೆ, ಆಕೆ ಕರ್ತವ್ಯದ ಮೇಲಿದ್ದಳು ಎಂದು ತೋರಿಸಲು ನಿಮ್ಮ ಮನೆಯವರ ಕೈಯಲ್ಲಿ ಆ ಒಂದು ತುಂಡು ಮೆಮೋ ಬಿಟ್ಟು ಬೇರೇನೂ ಇರುವುದಿಲ್ಲ.

ಈಗ ರೊಕ್ಕದ ವಿಷಯ. ಜನ ಕಡಿಮೆ ಗಮನ ಕೊಡುವುದು ಇದಕ್ಕೇ, ಆಮೇಲೆ ಹೆಚ್ಚು ಅಳುವುದೂ ಇದಕ್ಕೇ.

ಅನ್ಯಸೇವೆಗೆ ಹೋದ ದಿನದಿಂದ ನಿಮ್ಮ ಪಗಾರ ನಿಗಮದ ಹೊಣೆ. ಬರೀ ತಿಂಗಳ ಪಗಾರ ಕೊಟ್ಟರೆ ಮುಗಿಯಲಿಲ್ಲ. ನಿಮ್ಮ ರಜೆಯ ಸಂಬಳದ ವಂತಿಗೆ, ಪಿಂಚಣಿ ವಂತಿಗೆ ಕೂಡ ಅವರೇ ಸರ್ಕಾರಕ್ಕೆ ಕಟ್ಟಬೇಕು. ಅಲ್ಲಿ ದುಡಿದ ವರ್ಷಗಳಿಗೆ ಸರ್ಕಾರ ಮುಂದೆ ರಜೆ, ಪಿಂಚಣಿ ಕೊಡಬೇಕಾಗುತ್ತದಲ್ಲ, ಅದಕ್ಕೆ. ನೀವು 2016ರಲ್ಲಿ ಸೇರಿದವರು. ನಮ್ಮ ರಾಜ್ಯದಲ್ಲಿ 2006ರ ಏಪ್ರಿಲ್ 1 ಮತ್ತು ಆಮೇಲೆ ಸೇರಿದವರೆಲ್ಲ ಎನ್.ಪಿ.ಎಸ್., ಅಂದರೆ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಯ ಅಡಿ ಬಂದವರು. ಹಾಗಾಗಿ ನಿಮ್ಮ ವಿಷಯದಲ್ಲಿ ಪ್ರಶ್ನೆ ಹೀಗೆ: ನಿಮ್ಮ ಪಾಲಿನ 10% ಕಡಿತವಾಗುತ್ತದೆ, ಸರಿ. ಸರ್ಕಾರ ಹಾಕುತ್ತಿದ್ದ ಪಾಲನ್ನು ಇನ್ನು ಮುಂದೆ ನಿಗಮ ಹಾಕುತ್ತದೆಯಾ? ನಿಮ್ಮ ಪ್ರಾನ್ (ಎನ್.ಪಿ.ಎಸ್. ಖಾತೆಯ ಸಂಖ್ಯೆ) ಖಾತೆಗೇ ಹಾಕುತ್ತದೆಯಾ? ಯಾವ ದಾರಿಯಲ್ಲಿ? ಇದು ಆದೇಶದಲ್ಲಿ ಬರೆದಿರಬೇಕು. ಕೆ.ಜಿ.ಐ.ಡಿ., ಅಂದರೆ ಸರ್ಕಾರಿ ವಿಮಾ ಇಲಾಖೆಯ ಕಂತಿನದೂ ಇದೇ ಕತೆ. ಇಲಾಖೆಯಲ್ಲಿದ್ದಾಗ ಎಚ್.ಆರ್.ಎಂ.ಎಸ್. (ಸರ್ಕಾರದ ಕಂಪ್ಯೂಟರ್ ಪಗಾರ ವ್ಯವಸ್ಥೆ) ಬಿಲ್ಲಿನಲ್ಲಿ ಅದು ತಾನಾಗಿ ಕಡಿತವಾಗುತ್ತಿತ್ತು. ನಿಗಮದ ಪಗಾರ ಪಟ್ಟಿಯಲ್ಲಿ ಯಾರಾದರೂ ನೆನಪಿಟ್ಟು ಕಡಿತ ಮಾಡಿ ಕಟ್ಟಬೇಕು.

ನನ್ನದೇ ಕತೆ ಹೇಳುತ್ತೇನೆ. ನಡುವಯಸ್ಸಿನಲ್ಲಿ ನಾನೂ ಒಂದು ಸಂಸ್ಥೆಗೆ ಎರವಲು ಹೋಗಿದ್ದೆ. ಹೆಸರು ಬೇಡ. ಒಳ್ಳೆ ಕಚೇರಿ, ಒಳ್ಳೆ ಜನ, ಸಂಜೆ ಐದೂವರೆಗೆ ಮನೆ. ನಾಲ್ಕು ವರ್ಷ ಹಾಯಾಗಿ ಕಳೆದು ವಾಪಸ್ ಬಂದೆ. ನಿವೃತ್ತಿ ಹತ್ತಿರ ಬಂದಾಗ ಪಿಂಚಣಿ ಕಡತ ತಯಾರು ಮಾಡಲು ಕೂತರೆ, ಆ ನಾಲ್ಕು ವರ್ಷದ ವಂತಿಗೆ ಕಟ್ಟಿದ ಚಲನ್ ಒಂದೂ ಇಲ್ಲ. ಸಂಸ್ಥೆಗೆ ಹೋದೆ. ಆಗಿದ್ದ ಲೆಕ್ಕಾಧಿಕಾರಿ ಇಲ್ಲ, ಆ ಮುಖ್ಯಸ್ಥರೂ ಇಲ್ಲ. ಕಡತ ಯಾವ ಬೀರುವಿನಲ್ಲಿದೆ ಯಾರಿಗೂ ಗೊತ್ತಿಲ್ಲ. "ನಿಮ್ಮ ಇಲಾಖೆ ನಮಗೆ ಡಿಮ್ಯಾಂಡ್ ಕಳಿಸಿಲ್ಲ" ಅಂದರು. ನನ್ನ ಇಲಾಖೆ "ಅವರು ಕಟ್ಟಿಲ್ಲ" ಅಂದಿತು. ಎರಡೂ ಮಾತು ನಿಜವೇ. ನಡುವೆ ಓಡಾಡಿದ ಚಪ್ಪಲಿ ಮಾತ್ರ ನನ್ನದು. ಸಿಬ್ಬಂದಿ ಶಾಖೆಯಲ್ಲಿ ಕೂತು ನೂರು ಜನರ ಸೇವಾ ಪುಸ್ತಕ ಬರೆದವನು ನನ್ನ ಪುಸ್ತಕವನ್ನು ತೆರೆದು ನೋಡಿರಲಿಲ್ಲ. ಕೊನೆಗೆ ಎಲ್ಲ ಸರಿ ಹೋಯಿತು, ಆದರೆ ಮೊದಲ ಪಿಂಚಣಿ ಕೈಗೆ ಬರುವಷ್ಟರಲ್ಲಿ ವರ್ಷವೇ ಕಳೆದಿತ್ತು.

ಅದಕ್ಕೇ ಹೇಳುತ್ತೇನೆ, ವರ್ಷಕ್ಕೊಮ್ಮೆ ಏಪ್ರಿಲ್ ತಿಂಗಳಲ್ಲಿ ನಿಗಮದ ಲೆಕ್ಕ ಶಾಖೆಗೆ ಹೋಗಿ ವಂತಿಗೆ ಕಟ್ಟಿದ ಚಲನ್ ಪ್ರತಿ ಇಸ್ಕೊಳ್ಳಿ. ಅದನ್ನು ಮಾತೃ ಇಲಾಖೆಗೆ ಒಂದು ಪತ್ರದ ಜೊತೆ ಕೊಟ್ಟು ಸೇವಾ ಪುಸ್ತಕದಲ್ಲಿ ನಮೂದು ಮಾಡಿಸಿ. ಪತ್ರದ ನಕಲಿನ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ನಗುವವರು ನಗಲಿ. ಎನ್.ಪಿ.ಎಸ್.ನಲ್ಲಿ ಒಂದು ಅನುಕೂಲ ಇದೆ: ನಿಮ್ಮ ಖಾತೆಯನ್ನು ನೀವೇ ಫೋನಿನಲ್ಲಿ ನೋಡಬಹುದು. ಒಂದು ತಿಂಗಳ ಕಂತು ಬೀಳದಿದ್ದರೂ ಕೂಡಲೇ ಗೊತ್ತಾಗುತ್ತದೆ. ನಮ್ಮ ಕಾಲಕ್ಕೆ ಆ ಭಾಗ್ಯ ಇರಲಿಲ್ಲ.

ನಿಯೋಜನೆ ಭತ್ಯೆ ಸಿಗುತ್ತದೆಯಾ ಅಂತ ನೀವು ಕೇಳಿಲ್ಲ, ಆದರೆ ನಿಗಮದವರು ಅದರ ಆಸೆ ತೋರಿಸಿರಬಹುದು. ಆದೇಶದಲ್ಲಿ ಬರೆದಿದ್ದರೆ ಸಿಗುತ್ತದೆ, ಬಾಯಿ ಮಾತಿಗೆ ಸಿಗುವುದಿಲ್ಲ. ಕೇಂದ್ರ ಸರ್ಕಾರದಲ್ಲಿ ಇದಕ್ಕೆ ಖಚಿತ ಲೆಕ್ಕ ಇದೆ. 2017ರ ಜುಲೈನಲ್ಲಿ ನಿಗದಿಯಾದಾಗ, ಅದೇ ಊರಿನಲ್ಲಾದರೆ ಮೂಲ ವೇತನದ 5%, ತಿಂಗಳಿಗೆ 4,500 ರೂಪಾಯಿ ಮಿತಿ ಇತ್ತು. ಬೇರೆ ಊರಾದರೆ 10%, 9,000 ರೂಪಾಯಿ ಮಿತಿ ಇತ್ತು. ತುಟ್ಟಿಭತ್ಯೆ 50% ಏರಿದಾಗಲೆಲ್ಲ ಈ ಮಿತಿ 25% ಏರುತ್ತದೆ, ಹಾಗಾಗಿ ಈಗಿನ ಮಿತಿ ಕೇಳಿ ತಿಳಿಯಬೇಕು. ಆಳಂದ ತಾಲೂಕಿನ ಕಡಗಂಚಿಯಲ್ಲಿರುವ ಕೇಂದ್ರೀಯ ವಿಶ್ವವಿದ್ಯಾಲಯದಂಥ ಕಡೆ ಹೋಗುವವರು ಈ ಲೆಕ್ಕ ತಿಳಿದಿರಲಿ. ನಿಮ್ಮದು ರಾಜ್ಯದ ನಿಗಮ. ಇದೇ ದರ ನಿಮಗೂ ಅಂತ ಅಂದಾಜು ಕಟ್ಟಬೇಡಿ.

ಬಡ್ತಿಗೆ ಬರೋಣ. ನಿಮ್ಮ ಹೆಸರು ಮಾತೃ ಇಲಾಖೆಯ ಜ್ಯೇಷ್ಠತಾ (ಸೀನಿಯಾರಿಟಿ) ಪಟ್ಟಿಯಲ್ಲಿ ಇದ್ದಲ್ಲೇ ಇರುತ್ತದೆ. ನಿಗಮದಲ್ಲಿ ಕಳೆದ ವರ್ಷಗಳೂ ಸೇವೆಯ ಲೆಕ್ಕಕ್ಕೆ ಸೇರುತ್ತವೆ. ವಾರ್ಷಿಕ ವೇತನ ಬಡ್ತಿಯೂ ತಪ್ಪುವುದಿಲ್ಲ. ಆದರೆ ಮೇಲಿನ ಹುದ್ದೆಗೆ ಬಡ್ತಿಯ ಪಾಳಿ ಬಂದಾಗ ಸಾಮಾನ್ಯವಾಗಿ ವಾಪಸ್ ಬಂದು ಆ ಹುದ್ದೆಯಲ್ಲಿ ವರದಿ ಮಾಡಿಕೊಳ್ಳಬೇಕು. ಕಲಬುರಗಿ ಬಿಟ್ಟು ಹೋಗಲು ಮನಸ್ಸಿಲ್ಲ ಎಂದು ಬಡ್ತಿ ಬೇಡ ಅಂದವರನ್ನು ನಾನು ನೋಡಿದ್ದೇನೆ. ಅದು ಅವರವರ ಲೆಕ್ಕ. ಇನ್ನೊಂದು ಸಣ್ಣ ವಿಷಯ: ತಾತ್ಕಾಲಿಕ ಜ್ಯೇಷ್ಠತಾ ಪಟ್ಟಿ ಹೊರಟಾಗ ಆಕ್ಷೇಪಣೆಗೆ ದಿನಗಳ ಗಡುವು ಇರುತ್ತದೆ. ಕಚೇರಿಯಲ್ಲಿದ್ದವರಿಗೆ ಅದು ಕಣ್ಣಿಗೆ ಬೀಳುತ್ತದೆ. ಹೊರಗೆ ಹೋದವರಿಗೆ ಯಾರೂ ಫೋನ್ ಮಾಡಿ ಹೇಳುವುದಿಲ್ಲ. ಯಾದಗಿರಿಯ ಕಚೇರಿಯಲ್ಲಿ ಒಬ್ಬ ಗೆಳತಿಯನ್ನು ಉಳಿಸಿಕೊಂಡು ಹೋಗಿ. ತಮಾಷೆಗೆ ಹೇಳುತ್ತಿಲ್ಲ. ನಿಮ್ಮ ವಾರ್ಷಿಕ ಕಾರ್ಯನಿರ್ವಹಣಾ ವರದಿಯನ್ನು ನಿಗಮದ ಅಧಿಕಾರಿ ಬರೆಯುತ್ತಾರೆ. ಅದು ಮಾತೃ ಇಲಾಖೆಗೆ ಬಂದು ತಲುಪಿದೆಯಾ ಅಂತಲೂ ನೋಡುತ್ತಿರಿ.

ಯಾವಾಗ ಬೇಕಾದರೂ ವಾಪಸ್ ಕಳಿಸಬಹುದಾ? ಹೌದು, ಕಳಿಸಬಹುದು. ಕುನಾಲ್ ನಂದಾ ಪ್ರಕರಣದಲ್ಲಿ 2000ದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಚ್ಚಿ ಹೇಳಿದೆ. ಅವರು ಸಿ.ಆರ್.ಪಿ.ಎಫ್.ನಿಂದ ಸಿ.ಬಿ.ಐ.ಗೆ ನಿಯೋಜನೆ ಹೋಗಿದ್ದವರು. ಅಲ್ಲೇ ಉಳಿಸಿಕೊಳ್ಳಿ ಅಂತ ಕೇಳಿದರು. ನಿಯೋಜನೆ ಮೇಲೆ ಬಂದವರಿಗೆ ಅಲ್ಲೇ ಮುಂದುವರಿಯುವ ಹಕ್ಕಾಗಲಿ, ಅಲ್ಲೇ ಕಾಯಂ ಆಗಿ ವಿಲೀನವಾಗುವ ಹಕ್ಕಾಗಲಿ ಇಲ್ಲ, ಮಾತೃ ಇಲಾಖೆಗೆ ಯಾವಾಗ ಬೇಕಾದರೂ ಕಳಿಸಬಹುದು ಎಂದು ಕೋರ್ಟ್ ಹೇಳಿತು. ವಿಲೀನಕ್ಕೆ ಪ್ರತ್ಯೇಕ ನಿಯಮ ಇದ್ದು ಅದರಂತೆ ಅರ್ಹತೆ ಇದ್ದರೆ ಮಾತ್ರ ಆ ಮಾತು ಬೇರೆ. ಹಾಗಾಗಿ ಕಲಬುರಗಿಯಲ್ಲಿ ಮನೆ ಸಾಲ ಮಾಡುವಾಗ, ಮಕ್ಕಳನ್ನು ಶಾಲೆಗೆ ಹಾಕುವಾಗ ಈ ನಿಯೋಜನೆ ನಂಬಿ ಲೆಕ್ಕ ಹಾಕಬೇಡಿ. ಒಂದು ವಿನಾಯಿತಿ ಇದೆ: ನಿಮ್ಮ ಮೇಲೆ ಏನೋ ಆರೋಪ ಹೊರಿಸಿ, ಶಿಕ್ಷೆಯ ರೂಪದಲ್ಲಿ ವಾಪಸ್ ಕಳಿಸಿದರೆ, ವಿಚಾರಣೆ ಇಲ್ಲದೆ ಶಿಕ್ಷೆ ಕೊಟ್ಟಿರಿ ಎಂದು ಕೇಳುವ ದಾರಿ ಇದೆ. ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿಯ ಪೀಠ ಈಗ ಕಲಬುರಗಿಯಲ್ಲೇ ಇದೆ. ಮೊದಲಿನ ಹಾಗೆ ಬೆಂಗಳೂರಿಗೆ ರಾತ್ರಿ ಬಸ್ಸು ಹತ್ತಬೇಕಿಲ್ಲ.

ಇದರ ಇನ್ನೊಂದು ಮಗ್ಗುಲು ನಿಮ್ಮ ಪರವಾಗಿದೆ. ನಿಮ್ಮ ಒಪ್ಪಿಗೆ ಇಲ್ಲದೆ ನಿಮ್ಮನ್ನು ಬೇರೆ ಮಾಲೀಕರ ಕೈಗೆ ಕೊಡುವಂತಿಲ್ಲ. ಜೆ.ಎನ್.ಯು. ವಿರುದ್ಧ ಜವಾಟ್ಕರ್ ಎಂಬ 1989ರ ಪ್ರಕರಣ ಇದೆ. ದಿಲ್ಲಿಯ ಆ ವಿಶ್ವವಿದ್ಯಾಲಯ ಇಂಫಾಲದಲ್ಲಿ ಒಂದು ಕೇಂದ್ರ ನಡೆಸುತ್ತಿತ್ತು. ಅದನ್ನು ಮಣಿಪುರ ವಿಶ್ವವಿದ್ಯಾಲಯಕ್ಕೆ ವಹಿಸಿದಾಗ ಅಲ್ಲಿದ್ದ ಅಧ್ಯಾಪಕರೂ ಅದರ ಜೊತೆಗೇ ಹೋದರು ಎಂದಿತು. ಒಪ್ಪಿಗೆ ಇಲ್ಲದೆ ಮಾಲೀಕರನ್ನು ಬದಲಿಸಲಾಗದು, ಅವರು ಜೆ.ಎನ್.ಯು. ನೌಕರರೇ ಎಂದು ಕೋರ್ಟ್ ತೀರ್ಪು ಕೊಟ್ಟಿತು. ಕೊಡುವ ಇಲಾಖೆ, ಪಡೆಯುವ ಸಂಸ್ಥೆ, ಹೋಗುವ ನೌಕರ, ಮೂವರೂ ಒಪ್ಪಬೇಕು. ಚುನಾವಣೆ ಮಾತ್ರ ಇದಕ್ಕೆ ಹೊರತು. 1951ರ ಜನಪ್ರತಿನಿಧಿ ಕಾಯ್ದೆಯ 28ಎ ಕಲಂ ಪ್ರಕಾರ ಚುನಾವಣೆ ಕೆಲಸಕ್ಕೆ ನೇಮಿಸಿದವರನ್ನು ಫಲಿತಾಂಶ ಘೋಷಣೆಯ ತನಕ ಆಯೋಗಕ್ಕೆ ನಿಯೋಜಿಸಿದ್ದಾರೆ ಎಂದೇ ತಿಳಿಯಲಾಗುತ್ತದೆ. ಆಗ ಯಾರೂ ನಿಮ್ಮನ್ನು "ಒಪ್ಪಿಗೇನಾ ತಾಯಿ" ಅಂತ ಕೇಳುವುದಿಲ್ಲ.

ಮುಂದೆ ನಿಗಮದವರೇ ವಿಲೀನ ಮಾಡಿಕೊಳ್ಳುತ್ತೇವೆ ಎಂದರೆ, ಅಲ್ಲಿನ ವೃಂದ ಮತ್ತು ನೇಮಕಾತಿ ನಿಯಮಗಳಲ್ಲಿ ಅದಕ್ಕೆ ಅವಕಾಶ ಇದೆಯಾ ನೋಡಿ. ಇದ್ದರೆ ಹಿಂದಿನ ಸೇವೆ ಎಲ್ಲ ಸೊನ್ನೆ ಆಗುತ್ತದೆ ಎಂದು ಹೆದರಬೇಕಿಲ್ಲ. ರೂಪಲಾಲ್ ಪ್ರಕರಣದಲ್ಲಿ ಬಿ.ಎಸ್.ಎಫ್.ನಿಂದ ದಿಲ್ಲಿ ಪೊಲೀಸಿಗೆ ಬಂದು ವಿಲೀನವಾದ ಸಬ್ ಇನ್‌ಸ್ಪೆಕ್ಟರುಗಳಿಗೆ, ಸಮಾನ ಹುದ್ದೆಯಲ್ಲಿ ಮೊದಲು ಮಾಡಿದ ಸೇವೆಯನ್ನೂ ಸೀನಿಯಾರಿಟಿಗೆ ಲೆಕ್ಕ ಹಿಡಿಯಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ನನ್ನ ಅಭಿಪ್ರಾಯ ಕೇಳಿದರೆ, ನಿಗಮಕ್ಕಾಗಿ ಇಲಾಖೆಯ ಹುದ್ದೆ ಬಿಡಬೇಡಿ. ನಿಗಮ ಲಾಭದಲ್ಲಿದ್ದಾಗ ಎಲ್ಲರೂ ಬಾ ಅಂತಾರೆ. ನಷ್ಟಕ್ಕೆ ಬಿದ್ದ ದಿನ ಪಗಾರ ಎರಡು ತಿಂಗಳು ತಡವಾದರೆ ಹೇಗೆ ಅಂತ ಯೋಚಿಸಿ.

371ಜೆ ಬಗ್ಗೆ ಸ್ವಲ್ಪ ಹೇಳಬೇಕು, ಯಾಕೆಂದರೆ ಈ ಎರವಲಿನ ಆಟದಲ್ಲಿ ಸೋಲುವುದು ನಮ್ಮ ಭಾಗವೇ. ಸಂವಿಧಾನದ 98ನೇ ತಿದ್ದುಪಡಿಯಿಂದ 371ಜೆ ಬಂತು, 2013ರಲ್ಲಿ ನೇಮಕಾತಿ ಮೀಸಲಾತಿ ಆದೇಶ ಬಂತು. ಗ್ರೂಪ್ ಸಿ ಹುದ್ದೆಗಳಲ್ಲಿ 80% ಸ್ಥಳೀಯರಿಗೆ ಸಿಕ್ಕಿತು. ಅದು ನಮ್ಮ ಮಕ್ಕಳಿಗೆ ಕೆಲಸ ಸಿಗಲಿ ಅಂತ ಮಾತ್ರ ಅಲ್ಲ, ಇಲ್ಲಿನ ಕುರ್ಚಿಗಳು ತುಂಬಲಿ ಅಂತಲೂ ಹೌದು. ಯಾದಗಿರಿ 2009ರ ಡಿಸೆಂಬರ್ 30ಕ್ಕೆ ಜಿಲ್ಲೆಯಾದಾಗ ನಾನು ಸೇವೆಯಲ್ಲಿದ್ದೆ. ಕಚೇರಿಯ ಬೋರ್ಡು ಮೊದಲು ಬಂತು, ಮಂದಿ ಆಮೇಲೆ ಬಂದರು. ಇಲ್ಲಿಂದ ಇಬ್ಬರು, ಅಲ್ಲಿಂದ ಒಬ್ಬರು ಅಂತ ಕಡ ತಂದೇ ಬಾಗಿಲು ತೆರೆದದ್ದು.

ಓ.ಓ.ಡಿ. ಮೆಮೋದಲ್ಲಿ ನನಗೆ ಅತಿ ಸಿಟ್ಟು ಬರಿಸುವ ಸಂಗತಿ ಇಲ್ಲಿದೆ. ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದ ಲ್ಯಾಬ್ ಟೆಕ್ನೀಷಿಯನ್ ಅನ್ನು ಜಿಲ್ಲಾ ಊರಿಗೆ ಹಾಗೆ ಕರೆಸಿಕೊಂಡರು ಅಂತ ಇಟ್ಟುಕೊಳ್ಳಿ. ಕಾಗದದಲ್ಲಿ ಆ ಹಳ್ಳಿಯ ಹುದ್ದೆ ಭರ್ತಿ. ಖಾಲಿ ಹುದ್ದೆಗಳ ಪಟ್ಟಿಯಲ್ಲಿ ಅದು ಬರುವುದಿಲ್ಲ, ಹೊಸ ನೇಮಕಾತಿಗೆ ಹೋಗುವುದಿಲ್ಲ, ವರ್ಗಾವಣೆಯಲ್ಲೂ ಯಾರಿಗೂ ಕಾಣುವುದಿಲ್ಲ. ರಕ್ತ ಪರೀಕ್ಷೆಗೆ ಬಂದ ಬಸುರಿ ಹೆಂಗಸು ಮಾತ್ರ ಬೀಗ ನೋಡಿ ವಾಪಸ್ ಹೋಗುತ್ತಾಳೆ. ಸರಿಯಾದ ನಿಯೋಜನೆ ಆದೇಶವಾದರೆ ಆ ಜಾಗ ಖಾಲಿ ಅಂತ ಕನಿಷ್ಠ ಒಂದು ಕಡತದಲ್ಲಾದರೂ ಇರುತ್ತದೆ, ಬದಲಿ ಕೊಡಿ ಅಂತ ಕೇಳಬಹುದು. ನಿಮ್ಮ ಮೇಜಿಗೂ ಇದೇ ಅನ್ವಯ. ನೀವು ಬಿಟ್ಟು ಬರುವ ಯಾದಗಿರಿಯ ಮೇಜಿನ ಮುಂದೆಯೂ ಯಾರೋ ಅರ್ಜಿ ಹಿಡಿದು ನಿಂತಿರುತ್ತಾರೆ, ಅಲ್ವಾ?

ಇನ್ನು ಹೋಗುವ ಕ್ರಮ. ನಿಗಮ ನಿಮ್ಮ ಇಲಾಖೆಗೆ ಬರೆದು ನಿಮ್ಮ ಸೇವೆ ಕೋರಬೇಕು. ನೀವು ಲಿಖಿತ ಒಪ್ಪಿಗೆ ಕೊಡಬೇಕು. ನಿಮ್ಮ ಮೇಲೆ ಇಲಾಖಾ ವಿಚಾರಣೆ ಬಾಕಿ ಇಲ್ಲ ಎಂಬುದು ಬೇಕಾಗುತ್ತದೆ. ಆಮೇಲೆ ಸಕ್ಷಮ ಪ್ರಾಧಿಕಾರದ ಆದೇಶ ಹೊರಡಬೇಕು. ಸಕ್ಷಮ ಪ್ರಾಧಿಕಾರ ಅಂದರೆ ನಿಮ್ಮ ಕಚೇರಿಯ ಸಾಹೇಬರು ಎಂದುಕೊಳ್ಳಬೇಡಿ. ಅನ್ಯಸೇವೆಗೆ ಸರ್ಕಾರದ ಮಂಜೂರಾತಿಯೇ ಬೇಕು. ಆದೇಶದ ಜೊತೆ ಷರತ್ತುಗಳ ಹಾಳೆ ಇರುತ್ತದೆ. ಎಲ್ಲರೂ ಮೊದಲ ಪುಟ ಓದಿ ಸಿಹಿ ಹಂಚುತ್ತಾರೆ. ನೀವು ಆ ಹಾಳೆಯನ್ನೇ ಮೊದಲು ಓದಿ. ಅವಧಿ ಎಷ್ಟು, ಯಾವ ವೇತನ ಶ್ರೇಣಿ, ಭತ್ಯೆ, ವಂತಿಗೆ ಯಾರದು, ರಜೆ ಮಂಜೂರು ಮಾಡುವವರು ಯಾರು, ವೈದ್ಯಕೀಯ ಖರ್ಚು ಯಾರದು, ಎಲ್ಲ ಅದರಲ್ಲಿರಬೇಕು. ಅಲ್ಲಿ ನಿಮ್ಮಿಂದ ತಪ್ಪಾದರೆ ಅಮಾನತು ಮಾಡುವ ಅಧಿಕಾರ ಅವರಿಗಿರುತ್ತದೆ, ಆದರೆ ಮಾತೃ ಇಲಾಖೆಗೆ ತಿಳಿಸಲೇಬೇಕು. ವಜಾದಂಥ ದೊಡ್ಡ ದಂಡನೆ ಅವರ ಕೈಯಲ್ಲಿಲ್ಲ, ಕಡತ ನಿಮ್ಮ ಇಲಾಖೆಗೇ ಬರಬೇಕು. ಯಾದಗಿರಿಯಿಂದ ಬಿಡುಗಡೆ ಆದೇಶ ಮತ್ತು ಎಲ್.ಪಿ.ಸಿ. (ಕೊನೆಯ ವೇತನ ಪ್ರಮಾಣಪತ್ರ) ಎರಡೂ ಕೈಗೆ ಬರದೆ ರೈಲು ಹತ್ತಬೇಡಿ. ಎಲ್.ಪಿ.ಸಿ. ಇಲ್ಲದೆ ಹೋದವರ ಮೊದಲ ಪಗಾರ ಮೂರ್ನಾಲ್ಕು ತಿಂಗಳು ಕಾಣುವುದಿಲ್ಲ.

ನೀವು ಕೇಳದ ಒಂದು ವಿಷಯ. ನಿಮ್ಮ ನಿಜವಾದ ತೊಂದರೆ ಡೆಪ್ಯುಟೇಶನ್ ಅಲ್ಲ, ವಾಡಿ ದಾಟಿ ದಿನಾ ಹೋಗಿಬರುವ ರೈಲು. ಹಾಗಿದ್ದರೆ ಪತಿ-ಪತ್ನಿ ಪ್ರಕರಣದಡಿ ವರ್ಗಾವಣೆಗೂ ಅರ್ಜಿ ಹಾಕಿಡಿ, ನಿಯೋಜನೆ ಸಿಕ್ಕರೂ ಹಾಕಿಡಿ. ಆದರೆ ಹಾಕುವ ಮೊದಲು ಕಲಬುರಗಿ ಜಿಲ್ಲೆ ನಿಮ್ಮದೇ ಜ್ಯೇಷ್ಠತಾ ಘಟಕದಲ್ಲಿ, ಅಂದರೆ ಒಂದೇ ಸೀನಿಯಾರಿಟಿ ಪಟ್ಟಿಯಡಿ ಇದೆಯಾ ಎಂದು ವಿಚಾರಿಸಿ. ಬೇರೆ ಘಟಕವಾದರೆ ಸಾಮಾನ್ಯವಾಗಿ ಅಲ್ಲಿನ ಪಟ್ಟಿಯ ಕೊನೆಗೆ ನಿಲ್ಲಬೇಕಾಗುತ್ತದೆ. ಆಗ ಮನೆಯಲ್ಲಿ ಇಬ್ಬರೂ ಕೂತು, ನಿಮ್ಮ ಹೆಸರು ಪಟ್ಟಿಯಲ್ಲಿ ಎಷ್ಟನೆಯದು, ಮುಂದಿನ ಬಡ್ತಿಗೆ ಎಷ್ಟು ವರ್ಷ ಎಂದು ಲೆಕ್ಕ ಹಾಕಿ. ಬಡ್ತಿ ಹತ್ತಿರದಲ್ಲಿದ್ದರೆ ಈಗ ನಿಯೋಜನೆಯೇ ವಾಸಿ. ಹತ್ತು ವರ್ಷ ದೂರ ಇದ್ದರೆ ವರ್ಗಾವಣೆಯ ನಷ್ಟ ಅಷ್ಟೇನೂ ದೊಡ್ಡದಲ್ಲ.

ನಿಯೋಜನೆಯೇ ಸರಿ ಎನಿಸಿದರೆ, ಆದೇಶದಲ್ಲಿರುವ ಕೊನೆಯ ದಿನಾಂಕವನ್ನು ಮನೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಕೇಂದ್ರದ ನಿಯಮದಲ್ಲಿ ವಿಸ್ತರಣೆ ಆಗದಿದ್ದರೆ ಆ ದಿನಕ್ಕೆ ಬಿಡುಗಡೆ ಆದಂತೆಯೇ ಲೆಕ್ಕ. ನಮ್ಮಲ್ಲಿ "ವಿಸ್ತರಣೆ ಕಡತ ಮೇಲೆ ಹೋಗಿದೆ, ನೀವು ಕೆಲಸ ಮಾಡ್ತಿರಿ" ಅಂತ ಹೇಳುವವರು ಸಿಗುತ್ತಾರೆ. ಅವಧಿ ಮುಗಿದ ಮೇಲಿನ ದಿನಗಳಿಗೆ ಪಗಾರ ಕೊಡಲು ನಿಗಮಕ್ಕೆ ಆದೇಶ ಇರುವುದಿಲ್ಲ, ಆ ದಿನಗಳನ್ನು ಏನೆಂದು ಬರೆಯಬೇಕೆಂದು ಇಲಾಖೆಗೆ ತಿಳಿಯುವುದಿಲ್ಲ. ಮುಗಿಯುವ ಆರು ತಿಂಗಳ ಮೊದಲೇ ವಿಸ್ತರಣೆಗೆ ಬರೆಸಿ. ಕೊನೆಯ ದಿನದೊಳಗೆ ಆದೇಶ ಬರದಿದ್ದರೆ, ಮರುದಿನ ಬೆಳಗ್ಗೆ ಯಾದಗಿರಿಯ ಕಚೇರಿಯಲ್ಲಿ ವರದಿ ಮಾಡಿಕೊಂಡುಬಿಡಿ.